ಕಡಲಾಚೆಯವರ ಕಾಗದ ಪತ್ರ

ಹೊರದೇಶದಲ್ಲಿ ದುಡಿಯುವ ನಮ್ಮ ಕಾಸರಗೋಡಿನವರಿಂದ, ಅವರ ಮನೆಯವರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಜೆ ಮುಗಿಸಿ ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ ಬರೆದವು. ಒಂದರ ಮೂಲೆಯಲ್ಲಿ ಹಲಸಿನ ಹಪ್ಪಳದ ಎಣ್ಣೆ ಕಲೆಯೂ ಇತ್ತು. ಉತ್ತರ ಬರೆಯುವ ನಾನು ಬ್ಯಾಂಕಿನಲ್ಲಿ 31 ವರ್ಷ ದುಡಿದೆ. ಕೊನೆಯ 11 ವರ್ಷ ಎನ್‌ಆರ್‌ಐ ಕೌಂಟರಿನಲ್ಲಿ ಕೂತಿದ್ದೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿದ್ದಾರೆ. ಹಾಗಾಗಿ ಊರು ಮಾತ್ರ.

ಅಕ್ಕಾ, ಅಬುಧಾಬಿಗೆ ಬಂದು ಆರು ವರ್ಷ ಆಯಿತು. ಕಾಲೇಜಿಗೆ ಹೋಗುವಾಗ ತೆರೆದ ಸೇವಿಂಗ್ಸ್ ಖಾತೆಗೇ ಈಗಲೂ ಸಂಬಳ ಕಳಿಸುತ್ತೇನೆ. ಎಟಿಎಂ ಕಾರ್ಡ್ ಅಪ್ಪನ ಹತ್ತಿರ ಇದೆ. ಇದುವರೆಗೆ ಯಾರೂ ಏನೂ ಕೇಳಿಲ್ಲ. ಖಾತೆ ಬದಲಾಯಿಸಲೇಬೇಕಾ?
— ಬದಿಯಡ್ಕ, ಈಗ ಅಬುಧಾಬಿ

ಬದಲಾಯಿಸಲೇಬೇಕು. ನಾನು ಕೌಂಟರಿನಲ್ಲಿದ್ದಾಗಲೂ ಇಂಥ ಅಪ್ಪಂದಿರು ಬರುತ್ತಿದ್ದರು. ಮಗ ಎಲ್ಲಿದ್ದಾನೆ ಅಂತ ಕೇಳಿದರೆ "ಇಲ್ಲೇ, ಮಂಗಳೂರಲ್ಲಿ" ಅನ್ನುವರು. ಕೈಚೀಲದಿಂದ ಇಣುಕುವ, ಗಲ್ಫಿನಿಂದ ಬಂದ ನಿಡೋ ಹಾಲಿನ ಪುಡಿಯ ಡಬ್ಬಿ ಬೇರೆಯೇ ಕಥೆ ಹೇಳುತ್ತಿತ್ತು. ನಿಜ ಹೇಳಿದರೆ ಖಾತೆ ಮುಚ್ಚಿಬಿಡುತ್ತಾರೆ ಎಂಬ ಹೆದರಿಕೆ ಅವರಿಗೆ. ಯಾರೂ ಮುಚ್ಚುವುದಿಲ್ಲ. ಅದೇ ಖಾತೆ ಎನ್‌ಆರ್‌ಒ, ಅಂದರೆ ಅನಿವಾಸಿಯ ಊರಿನ ಆದಾಯದ ಖಾತೆ, ಆಗುತ್ತದೆ, ಅಷ್ಟೇ.

ಕೆಲಸಕ್ಕೆಂದು ವಿಮಾನ ಹತ್ತಿದ ದಿನದಿಂದಲೇ ಫೆಮಾ (ವಿದೇಶಿ ವಿನಿಮಯ) ಕಾಯ್ದೆಯ ಲೆಕ್ಕಕ್ಕೆ ನೀವು ಅನಿವಾಸಿ. ಊರಿನ ಆದಾಯ, ಅಂದರೆ ಬಾಡಿಗೆ, ಅಡಿಕೆ ಮಾರಿದ ಹಣ, ಎನ್‌ಆರ್‌ಒಗೆ ಬರಲಿ. ಅಲ್ಲಿನ ಸಂಬಳಕ್ಕೆ ಹೊಸದಾಗಿ ಎನ್‌ಆರ್‌ಇ ಖಾತೆ ತೆರೆಯಿರಿ. ವ್ಯತ್ಯಾಸ ಸಣ್ಣದಲ್ಲ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಹಣವನ್ನು ಯಾವಾಗ ಬೇಕಾದರೂ ಹೊರಗೆ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಯಿಂದ ಶೇ 30 ತೆರಿಗೆ, ಮೇಲೆ ಸೆಸ್, ಬ್ಯಾಂಕೇ ಹಿಡಿದುಕೊಳ್ಳುತ್ತದೆ. ನೀವು ಯುಎಇಯಲ್ಲಿ ಇರುವುದರಿಂದ ಅಲ್ಲಿನ ತೆರಿಗೆ ನಿವಾಸಿ ಪ್ರಮಾಣಪತ್ರ ಕೊಟ್ಟರೆ, ಎರಡು ದೇಶಗಳ ಒಪ್ಪಂದದ ಪ್ರಕಾರ ಅದು ಶೇ 12.5ಕ್ಕೆ ಇಳಿಯುತ್ತದೆ. ಎನ್‌ಆರ್‌ಒ ಹಣವನ್ನೂ ಹೊರಗೆ ಕಳಿಸಬಹುದು. ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ ಇದೆ, ಜೊತೆಗೆ ಒಂದಿಷ್ಟು ಫಾರ್ಮ್ ತುಂಬಿಸುವ ಕೆಲಸ.

ಎಟಿಎಂ ಕಾರ್ಡಿನ ವಿಷಯ. ಪಿನ್ ಬರೆದ ಚೀಟಿಯನ್ನು ಕಾರ್ಡಿಗೇ ಅಂಟಿಸಿಕೊಂಡು ಬಂದ ಅಜ್ಜಂದಿರನ್ನು ನಾನು ಕಂಡಿದ್ದೇನೆ. ಅಪ್ಪನನ್ನು "ಫಾರ್ಮರ್ ಆರ್ ಸರ್ವೈವರ್" (ಮೊದಲ ಖಾತೆದಾರರ ನಂತರ ಇನ್ನೊಬ್ಬರಿಗೆ) ಎಂಬ ಷರತ್ತಿನಲ್ಲಿ ಜಂಟಿಯಾಗಿ ಸೇರಿಸಬಹುದು. ನೀವು ಇರುವಾಗಲೇ ಅವರು ಖಾತೆ ನಡೆಸಬೇಕಾದರೆ ಅವರ ಹೆಸರಿಗೆ ಮ್ಯಾಂಡೇಟ್, ಅಂದರೆ ಬ್ಯಾಂಕಿಗೆ ಒಪ್ಪಿಗೆ ಪತ್ರ, ಕೊಡಬೇಕು. ಆಗ ಅವರ ಸಹಿಗೇ ಬೆಲೆ ಬರುತ್ತದೆ.

ಇನ್ನೊಂದು ಮಾತು, ನಿಮ್ಮ ಹಿಂದೆ ಹೊರಡುವ ತಮ್ಮಂದಿರಿಗೆ. ಬ್ಯಾಂಕಿನ ಲೆಕ್ಕ ಬೇರೆ, ಆದಾಯ ತೆರಿಗೆಯ ಲೆಕ್ಕ ಬೇರೆ. ತೆರಿಗೆಯವರು ದಿನ ಎಣಿಸುತ್ತಾರೆ. ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ 182 ದಿನ ಇಲ್ಲಿ ಇದ್ದರೆ ಆ ವರ್ಷಕ್ಕೆ ನೀವು ನಿವಾಸಿ. ನವೆಂಬರಿನಲ್ಲಿ ಹೊರಟವನು ಬ್ಯಾಂಕಿಗೆ ಅನಿವಾಸಿ, ತೆರಿಗೆಗೆ ಆ ವರ್ಷ ಪೂರ್ತಿ ನಿವಾಸಿ. ಮಾರ್ಚ್ ತನಕ ಅಲ್ಲಿ ಸಿಕ್ಕ ಸಂಬಳವನ್ನೂ ಇಲ್ಲಿ ತೋರಿಸಬೇಕಾಗುತ್ತದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 28ಕ್ಕೆ 181 ದಿನ. ವೀಸಾ ಬಂದಿದ್ದರೆ ಟಿಕೆಟ್ ತೆಗೆಯುವ ಮೊದಲು ಕ್ಯಾಲೆಂಡರ್ ನೋಡಿ.

ಗಂಡ ಶಾರ್ಜಾದಲ್ಲಿದ್ದಾರೆ. ರೂಮಿನ ಪಕ್ಕದವರ ಕೈಯಲ್ಲಿ ದಿರ್ಹಮ್ ಕೊಟ್ಟರೆ ಇಲ್ಲಿ ನನ್ನ ಖಾತೆಗೆ ಹಣ ಬೀಳುತ್ತದೆ, ರೇಟೂ ಸ್ವಲ್ಪ ಜಾಸ್ತಿ. ಕಳೆದ ತಿಂಗಳು 40,000 ಬಂತು. ಮೂರು ವಾರ ಕಳೆದ ಮೇಲೆ ಎಟಿಎಂ ನಿಂತುಹೋಯಿತು. ಬೇರೆ ರಾಜ್ಯದ ಪೊಲೀಸರು ಖಾತೆ ಫ್ರೀಜ್ ಮಾಡಿಸಿದ್ದಾರಂತೆ. ನಾನು ಆ ರಾಜ್ಯ ನೋಡಿಯೇ ಇಲ್ಲ! ಮಕ್ಕಳ ಫೀಸಿನ ಹಣವೂ ಅದರಲ್ಲೇ ಇದೆ.
— ಕುಂಬಳೆ

ನಿಮ್ಮ ಪತ್ರದ ಜೊತೆಗಿದ್ದ ಪಾಸ್‌ಬುಕ್ ಪ್ರತಿ ನೋಡಿದೆ. ಆ 40,000 ಮೂರು ತುಂಡಾಗಿ ಬಂದಿದೆ. ಮೂರೂ ಬೇರೆ ಬೇರೆ ಹೆಸರಿನಿಂದ, ಮೂರೂ ಯುಪಿಐ. ಆ ಹೆಸರುಗಳಲ್ಲಿ ಒಂದನ್ನಾದರೂ ನೀವು ಕೇಳಿದ್ದೀರಾ? ಇಲ್ಲ ಅಲ್ವಾ?

ಆಗಿರುವುದು ಹೀಗಿರಬಹುದು. ಎಲ್ಲೋ ದೂರದಲ್ಲಿ ಒಬ್ಬರು ಆನ್‌ಲೈನ್ ಮೋಸದಲ್ಲಿ ಹಣ ಕಳೆದುಕೊಂಡು ಸೈಬರ್ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿದ್ದಾರೆ. ಕದ್ದವರು ಆ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿದ್ದಾರೆ. ನಿಮ್ಮ ಗಂಡನ ದಿರ್ಹಮ್ ಅಲ್ಲಿ ಏಜೆಂಟನ ಜೇಬಿಗೆ ಹೋಯಿತು. ಅದರ ಬದಲಿಗೆ ಇಲ್ಲಿ ನಿಮಗೆ ಸಿಕ್ಕಿದ್ದು ಕದ್ದ ಹಣ. ಪೊಲೀಸರು ಹಣದ ಹಿಂದೆ ಬಂದರು, ಆ ಸಾಲಿನಲ್ಲಿ ನಿಮ್ಮ ಖಾತೆಯೂ ಸಿಕ್ಕಿತು.

ಈಗ ಮೊದಲು ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ಕೇಳಿ: ದೂರಿನ ನಂಬರ್ ಏನು, ಯಾವ ಠಾಣೆ, ಎಷ್ಟು ಮೊತ್ತದ ಬಗ್ಗೆ ದೂರು? ಈ ಮೂರೂ ಅವರ ಹತ್ತಿರ ಇರುತ್ತವೆ. ಮೊತ್ತ ಬಹಳ ಮುಖ್ಯ. ಮೂರರಲ್ಲಿ ಒಂದು ತುಂಡಿನ ಬಗ್ಗೆ ಮಾತ್ರ ದೂರು ಇದ್ದರೆ ಅಷ್ಟಕ್ಕೆ ಮಾತ್ರ ಲೀನ್, ಅಂದರೆ ತಡೆ, ಹಾಕಿ, ಉಳಿದದ್ದನ್ನು ಬಿಡಿ ಅಂತ ಅರ್ಜಿ ಕೊಡಿ. ಪೊಲೀಸರು ತಿಳಿಸಿದ ಮೊತ್ತಕ್ಕೆ ಮಾತ್ರ ತಡೆ ಇರಬೇಕು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಇಂಥ ಪ್ರಕರಣಗಳಲ್ಲೇ ಹೇಳಿದೆ. ಬ್ಯಾಂಕಿನವರು ಕೈ ಚೆಲ್ಲಿದರೆ ವಕೀಲರ ಮೂಲಕ ಇದೇ ತೀರ್ಪು ಹಿಡಿದು ಹೋಗಬೇಕು. ತನಿಖಾಧಿಕಾರಿಗೂ ಇಮೇಲ್ ಕಳಿಸಿ. ಆದರೆ ಅದರಲ್ಲಿ ಏನು ಬರೆಯಬೇಕು ಅಂತ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡಿಕೊಳ್ಳಿ. ನಡೆದದ್ದನ್ನೇ ಬರೆಯಬೇಕು. ಆದರೆ ನಡೆದದ್ದರಲ್ಲಿ ನಿಮ್ಮ ಗಂಡನ ತಪ್ಪೂ ಇದೆ.

ಯಾಕೆಂದರೆ ಇದು ನಮ್ಮ ಕಡೆ ಮಲಯಾಳದಲ್ಲಿ ಕುಳಲ್‌ಪಣಂ, ಅಂದರೆ ಹವಾಲಾ, ಅನ್ನುವುದೇ. ಹೆಸರು ಹೇಳಿದರೆ "ಛೇ, ನಾವು ಅಂಥವರಲ್ಲ" ಅನ್ನುತ್ತಾರೆ. ಅಲ್ಲಿ ದಿರ್ಹಮ್ ಕೊಟ್ಟು ಇಲ್ಲಿ ಯಾರಿಂದಲೋ ರೂಪಾಯಿ ಪಡೆದರೆ ಅದು ಫೆಮಾ ನಿಯಮದ ಉಲ್ಲಂಘನೆ. ಮೊತ್ತದ ಮೂರು ಪಟ್ಟು ದಂಡ ಹಾಕಬಹುದು. ರೇಟಿನಲ್ಲಿ ಉಳಿಯುವುದು ಎಷ್ಟು? 40,000ಕ್ಕೆ ಒಂದು ಮೀನೂಟದ ಹಣ. ಅಲ್ಲಿನ ಮನಿ ಎಕ್ಸ್‌ಚೇಂಜಿನ ರಶೀದಿ ಇದ್ದಿದ್ದರೆ ಇವತ್ತು ಪೊಲೀಸರಿಗೆ ತೋರಿಸಬಹುದಿತ್ತು. ನಾಳೆ ಮನೆ ಕಟ್ಟುವಾಗ ಹಣ ಎಲ್ಲಿಂದ ಬಂತು ಎಂದು ಕೇಳಿದರೂ ತೋರಿಸಬಹುದಿತ್ತು. ಆ ಏಜೆಂಟ್ ಫೋನ್ ಮಾಡಿ "ಹತ್ತು ಸಾವಿರ ಕೊಡಿ, ಸರಿ ಮಾಡಿಸುತ್ತೇನೆ" ಅಂದರೆ ಫೋನ್ ಇಟ್ಟುಬಿಡಿ.

ಮಕ್ಕಳ ಫೀಸಿಗೆ ಸದ್ಯ ಬೇರೆ ಬ್ಯಾಂಕಿನಲ್ಲಿ ನಿಮ್ಮ ಹೆಸರಿಗೆ ಒಂದು ಖಾತೆ ತೆರೆದು ಗಂಡನಿಗೆ ಅದರ ನಂಬರ್ ಕೊಡಿ. ಎಕ್ಸ್‌ಚೇಂಜಿನಿಂದ ಮಾತ್ರ ಬರಲಿ.

ನನ್ನ ಆಧಾರ ಕಳೆದುಹೋಗಿದೆ. ಹೊಸತು ಹೇಗೆ ಮಾಡಿಸುವುದು?
— ಪೆರ್ಲ, ಈಗ ಬಹರೈನ್

ಯಾವ ಆಧಾರ ಮಾರಾಯ್ರೆ? ನಮ್ಮ ಊರಿನ ಕಷ್ಟವೇ ಇದು. ಕಾರ್ಡೂ ಆಧಾರ, ಜಾಗದ ಪತ್ರವೂ ಆಧಾರ.

ಕಾರ್ಡ್ ಆದರೆ ಇ-ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಿ, ಅದಕ್ಕೂ ಅಷ್ಟೇ ಬೆಲೆ. ಇನ್ನೂ ಮಾಡಿಸಿಯೇ ಇಲ್ಲದವರು ಭಾರತದ ಪಾಸ್‌ಪೋರ್ಟ್ ಹಿಡಿದು ಹೋದರೆ ಸಾಕು. 182 ದಿನ ಊರಲ್ಲಿ ಇರಬೇಕು ಎಂಬ ನಿಯಮ ಅನಿವಾಸಿಗಳಿಗೆ 2019ರಲ್ಲೇ ಹೋಯಿತು. ಜಾಗದ ಆಧಾರ ಆದರೆ, ರಿಜಿಸ್ಟರ್ ಆದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಜೊತೆಗೆ ಕುಡಿಕ್ಕಡ (ಋಣಭಾರ) ಸರ್ಟಿಫಿಕೇಟನ್ನೂ ತೆಗೆಯಿರಿ, ಜಾಗದ ಮೇಲೆ ನೋಂದಣಿಯಾದ ಸಾಲ ಇಲ್ಲ ಅಂತ ಗೊತ್ತಾಗಬೇಕಲ್ಲ. 1956ಕ್ಕೆ ಮೊದಲು ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಅಜ್ಜನ ಕಾಲದ ಪತ್ರ ಕನ್ನಡದಲ್ಲೇ ಇದ್ದೀತು. ನಕಲು ಸಿಕ್ಕಿದಾಗ ಕನ್ನಡ ಓದಲು ಬರುವವರಿಂದ ಸರ್ವೆ ನಂಬರ್ ಒಮ್ಮೆ ನೋಡಿಸಿ.

ತಂದೆ ತೀರಿಕೊಂಡು ವರ್ಷ ಆಯಿತು. ನಾವು ಮೂವರು ಮಕ್ಕಳು. ಪಾಲುಪಟ್ಟಿ ಆಗಬೇಕು. ನನಗೆ ರಜೆ ಇಲ್ಲ. ಅಣ್ಣನ ಹೆಸರಿಗೆ ಮುಕ್ತಿಯಾರ್ ಕಳಿಸು ಅಂತ ಮನೆಯವರು ಹೇಳುತ್ತಾರೆ. ಹೇಗೆ ಮಾಡಬೇಕು, ಏನು ಜಾಗ್ರತೆ ಬೇಕು?
— ಮಂಜೇಶ್ವರ, ಈಗ ದೋಹಾ

ಮುಕ್ತಿಯಾರ್ ಅಂದರೆ ಪವರ್ ಆಫ್ ಅಟಾರ್ನಿ. ಕರಡನ್ನು ಇಲ್ಲೇ ಆಧಾರ ಬರೆಯುವವರ ಹತ್ತಿರ ಮಾಡಿಸಿ ತರಿಸಿಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಸಿಗುವ ಇಂಗ್ಲಿಷ್ ನಮೂನೆ ಬೇಡ. ಅದರಲ್ಲಿ ಮಾರಲು, ಅಡವಿಡಲು, ಸಾಲ ತೆಗೆಯಲು, ಎಲ್ಲದಕ್ಕೂ ಅಧಿಕಾರ ಇರುತ್ತದೆ. ನಿಮಗೆ ಬೇಕಾದದ್ದು ಪಾಲುಪಟ್ಟಿಗೆ ಸಹಿ, ರಿಜಿಸ್ಟ್ರಿಗೆ ಹಾಜರಿ, ಆಮೇಲೆ ವಿಲೇಜ್ ಆಫೀಸಿನಲ್ಲಿ ಪೋಕುವರವು (ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸುವುದು. ಅಷ್ಟನ್ನೇ ಬರೆಸಿ, ಸರ್ವೆ ನಂಬರ್ ಸಮೇತ. ಅಣ್ಣನ ಮೇಲೆ ಅನುಮಾನ ಅಂತ ಅಲ್ಲ. ಅಣ್ಣನ ಹೆಂಡತಿಯ ತಮ್ಮನಿಗೆ ಸಾಲ ಬೇಕಾದ ದಿನ ಅಣ್ಣನೇ ಇಕ್ಕಟ್ಟಿಗೆ ಸಿಕ್ಕುತ್ತಾನೆ.

ಮನೆಯಲ್ಲಿ ಸಹಿ ಮಾಡಬೇಡಿ. ದೋಹಾದ ಭಾರತೀಯ ರಾಯಭಾರ ಕಚೇರಿಗೆ ಪಾಸ್‌ಪೋರ್ಟ್ ಹಿಡಿದು ಹೋಗಿ ಅಧಿಕಾರಿಯ ಎದುರಿಗೇ ಸಹಿ ಹಾಕಿ, ಮುದ್ರೆ ಒತ್ತಿಸಿ. ಕನ್ನಡದಲ್ಲಿ ಬರೆದರೆ ನಡೆಯುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಭಾಷೆಯ ಪತ್ರವನ್ನು ರಿಜಿಸ್ಟ್ರಾರ್ ಭಾಷೆಯ ನೆವ ಹೇಳಿ ವಾಪಸ್ ಮಾಡುವಂತಿಲ್ಲ. ಕನ್ನಡ ನಮ್ಮ ಜಿಲ್ಲೆಯ ಭಾಷೆ.

ಇನ್ನು ಮುಂದಿನದನ್ನು ಎರಡು ಸಲ ಓದಿ. ಹೊರದೇಶದಲ್ಲಿ ಸಹಿಯಾದ ಮುಕ್ತಿಯಾರ್ ಇಲ್ಲಿ ಕೈಗೆ ಸಿಕ್ಕಿದ ಮೂರು ತಿಂಗಳ ಒಳಗೆ ಅದಕ್ಕೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಅದೂ ಕುರ್ಚಿಯಲ್ಲಿ ಕೂತು, ಗತ್ತಿನಿಂದ. ನನ್ನ ತಮ್ಮ ಸೋಹಾರ್‌ನಲ್ಲಿದ್ದ. ನಮ್ಮ ಮನೆ ಪಾಲಿಗೆ ಅಂತ ನನ್ನ ಹೆಸರಿಗೇ ಮುಕ್ತಿಯಾರ್ ಕಳಿಸಿದ. ಜೋಪಾನವಾಗಿರಲಿ ಎಂದು ಕಪಾಟಿನಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟೆ. ಆಮೇಲೆ ಅಮ್ಮನಿಗೆ ಕಾಲು ಮುರಿಯಿತು, ಆಸ್ಪತ್ರೆ, ಮನೆ, ಬ್ಯಾಂಕು. ಸೀರೆ ಬಿಚ್ಚಿದ್ದು ಐದನೇ ತಿಂಗಳಿಗೆ, ಯಾರದ್ದೋ ಗೃಹಪ್ರವೇಶಕ್ಕೆ. ಕಚೇರಿಯ ಗುಮಾಸ್ತ ಕೊರಿಯರ್ ಕವರಿನ ತಾರೀಕು ನೋಡಿ ಬೆರಳು ಮಡಚಿ ಎಣಿಸಿದ. "ಮೇಡಂ, ನೀವೇ ಅಲ್ವಾ ಬ್ಯಾಂಕಿನಲ್ಲಿ ಎಲ್ಲರಿಗೂ ಹೇಳುವುದು?" ಅಂದ. ತಮ್ಮ ಮತ್ತೆ ಒಂದು ದಿನದ ಸಂಬಳ ಬಿಟ್ಟು ಸುಮಾರು ಇನ್ನೂರು ಕಿಲೋಮೀಟರ್ ದೂರದ ಮಸ್ಕತ್ತಿಗೆ ಹೋಗಿ ಹೊಸತು ಮಾಡಿಸಿದ. ಇವತ್ತಿಗೂ ನಾನು ಯಾರಿಗಾದರೂ ಬುದ್ಧಿ ಹೇಳಲು ಹೊರಟರೆ "ಅಕ್ಕ, ಸೀರೆ" ಅನ್ನುತ್ತಾನೆ.

ಹಾಗಾಗಿ ಕೊರಿಯರ್ ಕವರನ್ನು ಎಸೆಯಬೇಡಿ ಅಂತ ಅಣ್ಣನಿಗೆ ಹೇಳಿ. ಯಾವತ್ತು ಕೈಗೆ ಸಿಕ್ಕಿತು ಎಂಬುದಕ್ಕೆ ಅದೇ ಸಾಕ್ಷಿ. ಮತ್ತೆ, ಕೊಟ್ಟವರು ತೀರಿಕೊಂಡರೆ ಮುಕ್ತಿಯಾರೂ ಅಲ್ಲಿಗೆ ಮುಗಿಯಿತು. ಮುಕ್ತಿಯಾರ್ ಬರೆಸಿಕೊಂಡು "ಜಾಗ ಕೊಂಡೆ" ಅನ್ನುವವರೂ ಇದ್ದಾರೆ. ಅದರಿಂದ ಹಕ್ಕು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಪಕ್ಕದ ಮನೆಯವರು ಎರಡು ಎಕ್ರೆ ಅಡಿಕೆ ತೋಟ ಕೊಡುತ್ತಾರೆ. ಒಳ್ಳೆ ನೀರಿದೆ. ನನ್ನ ಹೆಸರಿಗೇ ಮಾಡಿಸಬೇಕು ಅಂತ ಆಸೆ. ಎನ್‌ಆರ್‌ಐ ಅಂತ ಯಾರೂ ಕೇಳುವುದಿಲ್ಲ ಅಂತ ಬ್ರೋಕರ್ ಹೇಳುತ್ತಾನೆ.
— ಮುಳ್ಳೇರಿಯ, ಈಗ ಕುವೈತ್

ಬ್ರೋಕರ್ ಹೇಳಿದ್ದು ನಿಜ ಇರಬಹುದು. ಕೊಳ್ಳುವಾಗ ಯಾರೂ ಕೇಳಲಿಕ್ಕಿಲ್ಲ. ಕೇಳುವುದು ಮಾರುವಾಗ. ಆಗ ಬ್ರೋಕರ್ ಇರುವುದಿಲ್ಲ.

ಅನಿವಾಸಿ ಭಾರತೀಯರು ಮನೆ, ಮನೆ ಜಾಗ, ಅಂಗಡಿ ಕೋಣೆ ಎಲ್ಲ ಕೊಳ್ಳಬಹುದು. ಕೃಷಿಭೂಮಿ, ತೋಟ, ಫಾರ್ಮ್ ಹೌಸ್ ಮಾತ್ರ ಕೊಳ್ಳುವಂತಿಲ್ಲ. ದಾನವಾಗಿ ಪಡೆಯುವಂತೆಯೂ ಇಲ್ಲ. ಅಪ್ಪನಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಅದನ್ನು ಮಾರುವುದಾದರೆ ಇಲ್ಲೇ ವಾಸವಿರುವ ಭಾರತೀಯನಿಗೇ ಮಾರಬೇಕು. "ದಾಖಲೆಯಲ್ಲಿ ಪುರಯಿಡಂ (ಮನೆ ಹಿತ್ತಿಲ ಜಾಗ) ಅಂತ ಇದೆ, ಹಾಗಾಗಿ ಕೃಷಿಭೂಮಿ ಅಲ್ಲ" ಎಂದು ಬ್ರೋಕರ್ ವಾದ ಮಾಡುತ್ತಾನೆ, ನೋಡಿ. ಹತ್ತು ಸೆಂಟ್ಸ್ ಮನೆ ಅಡಿಯಲ್ಲಿ ನಾಲ್ಕು ತೆಂಗು ಇದ್ದರೆ ಆ ಮಾತು ಸರಿ. ಎರಡು ಎಕ್ರೆಯಲ್ಲಿ ಸಾವಿರ ಅಡಿಕೆ ಮರ ನಿಂತಿದ್ದರೆ ಅದನ್ನು ತೋಟ ಅನ್ನದೆ ಮತ್ತೇನು ಅನ್ನುವುದು?

ಹೆಂಡತಿ ಊರಲ್ಲೇ ಇದ್ದರೆ ಅವರ ಹೆಸರಿಗೆ ಕೊಳ್ಳಬಹುದು. ಹಣ ನಿಮ್ಮ ಖಾತೆಯಿಂದ ಅವರ ಖಾತೆಗೆ, ಅಲ್ಲಿಂದ ಮಾರುವವರಿಗೆ, ಎಲ್ಲ ಬ್ಯಾಂಕಿನಲ್ಲೇ ಹೋಗಲಿ. ಅಮ್ಮನ ಹೆಸರಿಗೆ ಅಂತ ಯೋಚನೆ ಇದ್ದರೆ ಹಣವನ್ನು ನಿಜವಾಗಿಯೂ ಅವರಿಗೆ ಕೊಟ್ಟುಬಿಟ್ಟ ಹಾಗೆ. ಸುಮ್ನೆ ಹೆಸರು ಮಾತ್ರ ಅವರದ್ದು ಅಂದರೆ ಬೇನಾಮಿ ಆಗುತ್ತದೆ. ಕೊಟ್ಟ ಮೇಲೆ ತೋಟ ಅಮ್ಮನದ್ದು. ನಾಳೆ ಅಕ್ಕ ತಂಗಿಯರಿಗೂ ಅದರಲ್ಲಿ ಪಾಲಿದೆ. ಇದನ್ನು ನಗುತ್ತಾ ಒಪ್ಪಿಕೊಳ್ಳಬಲ್ಲಿರಾದರೆ ಮಾತ್ರ ಮುಂದುವರಿಯಿರಿ.

ಕಾಸರಗೋಡು ಪೇಟೆಯಲ್ಲಿ 32 ಲಕ್ಷಕ್ಕೆ ಕೊಂಡ ಜಾಗವನ್ನು ನಾಲ್ಕು ವರ್ಷದ ಮೇಲೆ 40 ಲಕ್ಷಕ್ಕೆ ಮಾರುತ್ತಿದ್ದೇನೆ. ಕೊಳ್ಳುವವರು ಐದು ಲಕ್ಷಕ್ಕಿಂತ ಜಾಸ್ತಿ ಹಿಡಿದುಕೊಂಡು ಕೊಡುತ್ತೇವೆ ಅನ್ನುತ್ತಾರೆ. ಇದು ಯಾವ ನ್ಯಾಯ?
— ವಿದ್ಯಾನಗರ, ಈಗ ರಿಯಾದ್

ಅವರು ಹೇಳುವುದು ಸರಿ, ಪಾಪ. ಮಾರುವವರು ಅನಿವಾಸಿ ಆದರೆ ಕೊಳ್ಳುವವರೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಜಾಗಕ್ಕೆ ಶೇ 12.5, ಅದರ ಮೇಲೆ ಶೇ 4 ಸೆಸ್. ಪೂರ್ತಿ 40 ಲಕ್ಷಕ್ಕೆ ಹಿಡಿದರೆ 5.20 ಲಕ್ಷ. ನಿಮಗೆ ಲಾಭ ಆದದ್ದು 8 ಲಕ್ಷ ಮಾತ್ರ, ಅದರ ಮೇಲಿನ ತೆರಿಗೆ 1.04 ಲಕ್ಷ. ಉಳಿದದ್ದು ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ. ಕಾಯಲು ಆಗದಿದ್ದರೆ ರಿಜಿಸ್ಟ್ರಿಗೆ ಮೊದಲೇ ಕಡಿಮೆ ತೆರಿಗೆ ಹಿಡಿಯುವ ಸರ್ಟಿಫಿಕೇಟಿಗೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ. ಮುಂಗಡ ಪಡೆಯುವ ಮೊದಲೇ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋಗಿ.

ನಾವು ಕನ್ನಡಿಗರು. ನನಗೆ 53 ವರ್ಷ. ಹೊರದೇಶದಲ್ಲಿ ದುಡಿಯುವವರಿಗೆ ಕೇರಳ ಕೊಡುವ ಪ್ರವಾಸಿ ಪೆನ್ಷನ್ ನಮಗೂ ಸಿಗುತ್ತದಾ?
— ಉಪ್ಪಳ, ಈಗ ಜೆದ್ದಾ

ಸಿಗುತ್ತದೆ. ಅಲ್ಲಿ ಕೇಳುವುದು ಮನೆ ಎಲ್ಲಿದೆ ಅಂತ, ಮನೆಯಲ್ಲಿ ಯಾವ ಭಾಷೆ ಅಂತ ಅಲ್ಲ. ಪ್ರವಾಸಿ ಕ್ಷೇಮನಿಧಿಗೆ 18ರಿಂದ 60 ವರ್ಷದ ಒಳಗೆ ಸೇರಬೇಕು. ಕನಿಷ್ಠ ಐದು ವರ್ಷ ತಿಂಗಳ ಕಂತು ಕಟ್ಟಿರಬೇಕು. ಪೆನ್ಷನ್ 60ರ ಮೇಲೆ. ನಿಮಗೆ 53 ಅಂದಿರಿ, ಇನ್ನು ತಡ ಮಾಡಬೇಡಿ.

ಗಂಡ ಎರಡು ತಿಂಗಳ ಹಿಂದೆ ದುಬೈಯಲ್ಲಿ ತೀರಿಕೊಂಡರು. ವಿಲ್ ಬರೆದಿಲ್ಲ. ಅವರ ಎನ್‌ಆರ್‌ಇ ಖಾತೆ ಮದುವೆಗೆ ಮೊದಲಿನದ್ದು, ನಾಮಿನಿ ಅತ್ತೆ. ಹಣ ಎಲ್ಲ ಅತ್ತೆಗೇ ಹೋಗುತ್ತದೆ ಅಂತ ನಾದಿನಿ ಹೇಳುತ್ತಾಳೆ. ನನಗೆ ಎರಡು ಸಣ್ಣ ಮಕ್ಕಳು. ನಮ್ಮದು ಅಳಿಯ ಸಂತಾನದ ಮನೆತನ.
— ಪೈವಳಿಕೆ

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಾಮಿನಿ ಅಂದರೆ ಬ್ಯಾಂಕಿನಿಂದ ಹಣ ಪಡೆಯುವ ಕೈ. ಹಣದ ಯಜಮಾನರಲ್ಲ. ಬ್ಯಾಂಕ್ ಅತ್ತೆಗೆ ಕೊಟ್ಟರೂ ಅವರು ಅದನ್ನು ವಾರಸುದಾರರ ಪರವಾಗಿ ಹಿಡಿದುಕೊಂಡ ಹಾಗೆ. ವಿಲ್ ಇಲ್ಲದ್ದರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನೀವು, ಇಬ್ಬರು ಮಕ್ಕಳು, ಅತ್ತೆ, ನಾಲ್ವರಿಗೂ ಸಮಪಾಲು. ಗಂಡನ ತಾಯಿಗೂ ಒಂದು ಪಾಲು ಇದೆ, ಅದನ್ನು ಮರೆಯಬೇಡಿ. ನಾದಿನಿಗೆ ಇಲ್ಲ. ಅಳಿಯ ಸಂತಾನದ ಕಟ್ಟು ಹೇಳಿ ಅವರ ಅಕ್ಕನ ಮಕ್ಕಳಿಗೆ ಅಂತ ಯಾರಾದರೂ ಮಾತು ತೆಗೆದರೆ, ಸ್ವಂತ ಸಂಪಾದನೆಗೆ ಅದು ಅನ್ವಯಿಸುವುದಿಲ್ಲ.

ದುಬೈಯ ಮರಣ ಪ್ರಮಾಣಪತ್ರವನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲೂ ದಾಖಲು ಮಾಡಿಸಿದ್ದಾರಾ ಅಂತ ಕಂಪನಿಯವರನ್ನು ಕೇಳಿ. ಇಲ್ಲಿ ತಾಲೂಕು ಕಚೇರಿಯಲ್ಲಿ ವಾರಸುದಾರಿಕೆ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ಗಜೆಟಿನಲ್ಲಿ ಪ್ರಕಟವಾಗಿ ಆಕ್ಷೇಪಣೆಗೆ 30 ದಿನ ಕಾಯಬೇಕು. ಹಾಗಾಗಿ ಈ ವಾರವೇ ಹಾಕಿ. ಅರ್ಜಿ ಕನ್ನಡದಲ್ಲೇ ಬರೆಯಬಹುದು.

ಬ್ಯಾಂಕಿಗೆ ಒಬ್ಬರೇ ಹೋಗಬೇಡಿ. ವಕೀಲರ ನೋಟಿಸನ್ನೂ ಮೊದಲೇ ಕಳಿಸಬೇಡಿ. ಕೌಂಟರಿನಲ್ಲಿ ನಾನು ಕಂಡ ಅತ್ತೆಯರಲ್ಲಿ ಹೆಚ್ಚಿನವರಿಗೆ ಹಣದ ಆಸೆ ಇರಲಿಲ್ಲ. ಮಗನ ಪಾಸ್‌ಬುಕ್ಕನ್ನು ಕೈಯಿಂದ ಬಿಡಲು ಆಗುತ್ತಿರಲಿಲ್ಲ, ಅಷ್ಟೇ. ನಾದಿನಿ ಇಲ್ಲದ ಹೊತ್ತು ನೋಡಿ ಅತ್ತೆಯ ಹತ್ತಿರ ಕೂತು ಮಾತಾಡಿ. ಅವರ ಪಾಲು ಅವರಿಗೆ ಎಂದು ನೀವೇ ಮೊದಲು ಹೇಳಿ. ಒಪ್ಪಿದರೆ ಇಬ್ಬರೂ ಒಟ್ಟಿಗೆ ಶಾಖೆಗೆ ಹೋಗಿ. ಕ್ಲೇಮ್ ಫಾರ್ಮಿಗೆ ಸಹಿ ಮಾಡುವವರು ಅವರು. ಮಕ್ಕಳ ಪಾಲನ್ನು ಹಣ ಕೈಗೆ ಬಂದ ದಿನವೇ ಮಕ್ಕಳ ಹೆಸರಿನಲ್ಲಿ ಡಿಪಾಸಿಟ್ ಮಾಡಿಸಿ. ದಾಖಲೆ ಸರಿ ಇದ್ದರೆ ಬ್ಯಾಂಕ್ 15 ದಿನದೊಳಗೆ ಇತ್ಯರ್ಥ ಮಾಡಬೇಕು. ಮಧ್ಯಾಹ್ನ ಮೂರರ ಮೇಲೆ ಹೋಗಿ, ಗಲಾಟೆ ಕಮ್ಮಿ ಇರುತ್ತದೆ. ಅತ್ತೆಗೆ ಕೂರಲು ಕುರ್ಚಿಯೂ ಸಿಗುತ್ತದೆ.